ನಾಟಿಂಗ್ ಹಿಲ್: ಲಂಡನ್ ಬೀದಿಯಲ್ಲಿ ಕೆರಿಬಿಯನ್ ಜಾತ್ರೆ

ಆಗಸ್ಟ್ ತಿಂಗಳ ಕೊನೆಯ ಸೋಮವಾರ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ರಜೆ. ಆ ದಿನ ಮತ್ತು ಹಿಂದಿನ ಭಾನುವಾರ ಪಶ್ಚಿಮ ಲಂಡನ್ನಿನ ನಾಟಿಂಗ್ ಹಿಲ್ ಸುತ್ತಮುತ್ತ ವಾಹನ ಸಂಚಾರ ಬಂದ್. ಲ್ಯಾಡ್‌ಬ್ರೋಕ್ ಗ್ರೋವ್ ರಸ್ತೆಯಲ್ಲಿ ಗರಿಯ ಕಿರೀಟ ತೊಟ್ಟ ವೇಷಧಾರಿಗಳು, ಲಾರಿ ತುಂಬ ಸ್ಪೀಕರುಗಳು, ಹಿಂದೆ ಕುಣಿಯುವ ಜನಸಾಗರ. ಭಾನುವಾರ ಮಕ್ಕಳಿಗೆ ಪ್ರಾಶಸ್ತ್ಯ, ಸೋಮವಾರ ದೊಡ್ಡವರ ಅಬ್ಬರ. ಎರಡು ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆಂಬ ಅಂದಾಜಿದೆ.

ಈ ಸಂಭ್ರಮ ಹುಟ್ಟಿದ್ದು ಹಿಂಸೆಗೆ ಉತ್ತರವಾಗಿ. ಎರಡನೇ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದವರಿಗೆ ಲಂಡನ್ನಿನಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಿತ್ತು. ಆಗ ಕೊಳೆಗೇರಿಯಂತಿದ್ದ ನಾಟಿಂಗ್ ಹಿಲ್‌ನ ಕಿಕ್ಕಿರಿದ ಕೋಣೆಗಳಲ್ಲಿ ಅನೇಕರು ನೆಲೆಸಿದರು. 1958ರ ಆಗಸ್ಟ್ ಕೊನೆಯಲ್ಲಿ ಬಿಳಿಯ ಯುವಕರ ಗುಂಪುಗಳು ಅವರ ಮನೆಗಳ ಮೇಲೆ ದಾಳಿ ನಡೆಸಿದವು. ಮರುವರ್ಷದ ಮೇ ತಿಂಗಳಲ್ಲಿ ಆಂಟಿಗುವಾ ಮೂಲದ ಬಡಗಿ ಕೆಲ್ಸೊ ಕೊಕ್ರೇನ್ ಇದೇ ಪ್ರದೇಶದ ಬೀದಿಯಲ್ಲಿ ಕೊಲೆಯಾದರು, ಯಾರಿಗೂ ಶಿಕ್ಷೆಯಾಗಲಿಲ್ಲ.

1958ರ ಗಲಭೆಯ ಗಾಯ ಆರುವ ಮೊದಲೇ, 1959ರ ಜನವರಿ 30ರಂದು, ಟ್ರಿನಿಡಾಡ್ ಸಂಜಾತೆ, ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಸೇಂಟ್ ಪ್ಯಾಂಕ್ರಾಸ್ ಪುರಭವನದಲ್ಲಿ ಕೆರಿಬಿಯನ್ ಕಾರ್ನಿವಲ್ ಏರ್ಪಡಿಸಿದರು. ಕೊರೆಯುವ ಚಳಿ, ಅದು ಒಳಾಂಗಣದಲ್ಲೇ ನಡೆಯಬೇಕಾಯಿತು. ಬೀದಿಗೆ ಇಳಿದದ್ದು 1966ರಲ್ಲಿ. ಸಮಾಜ ಸೇವಕಿ ರೌನ್ ಲಾಸ್ಲೆಟ್ ನಾಟಿಂಗ್ ಹಿಲ್‌ನ ಎಲ್ಲ ಸಮುದಾಯಗಳ ಮಕ್ಕಳಿಗಾಗಿ ಜಾತ್ರೆ ನಡೆಸಿದಾಗ ವಾದಕ ರಸೆಲ್ ಹೆಂಡರ್ಸನ್ ಮತ್ತು ಸಂಗಡಿಗರು ಸ್ಟೀಲ್‌ಪ್ಯಾನ್ ವಾದ್ಯವನ್ನು ಕೊರಳಿಗೆ ನೇತುಹಾಕಿಕೊಂಡು ನುಡಿಸುತ್ತ ರಸ್ತೆಯಲ್ಲಿ ನಡೆದರು, ಜನ ಹಿಂಬಾಲಿಸಿದರು. ಇಂದಿನ ಮೆರವಣಿಗೆಯ ಮೂಲ ಆ ನಡಿಗೆಯೇ. 1973ರಿಂದ ಸಂಘಟಕ ಲೆಸ್ಲಿ ಪಾಮರ್ ವೇಷದ ತಂಡಗಳ ಜೊತೆಗೆ ಜಮೈಕಾ ಶೈಲಿಯ ಸೌಂಡ್ ಸಿಸ್ಟಮ್‌ಗಳನ್ನೂ ಕರೆತಂದರು. ಅಲ್ಲಿಯವರೆಗೆ ಬಹುಪಾಲು ಟ್ರಿನಿಡಾಡಿಗರದ್ದಾಗಿದ್ದ ಹಬ್ಬ ಎಲ್ಲ ದ್ವೀಪದವರದ್ದಾಯಿತು.

ಸ್ಟೀಲ್‌ಪ್ಯಾನ್‌ಗೂ ಇಂಥದೇ ಹಟದ ಚರಿತ್ರೆಯಿದೆ. ಟ್ರಿನಿಡಾಡಿನ ಬ್ರಿಟಿಷ್ ಆಡಳಿತ 1880ರ ದಶಕದಲ್ಲಿ ಚರ್ಮವಾದ್ಯಗಳಿಗೆ ಕಡಿವಾಣ ಹಾಕಿದಾಗ ಜನ ಬಿದಿರು ಬಡಿದರು, ಮುಂದೆ ಬಿಸ್ಕತ್ ಡಬ್ಬಿ, ಕೊನೆಗೆ ಎಣ್ಣೆಯ ಡ್ರಮ್ಮು. ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಟ್ಟಲಿನಂತೆ ತಗ್ಗಿಸುತ್ತಾರೆ. ಒಂದೊಂದು ಸ್ವರಕ್ಕೂ ಜಾಗ ಗುರುತಿಸಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಸಣ್ಣ ಏಟುಗಳಿಂದ ಶ್ರುತಿ ಮಾಡುತ್ತಾರೆ. ದೊಡ್ಡ ಸ್ವರಗಳು ಅಂಚಿನಲ್ಲಿ, ಚಿಕ್ಕವು ನಡುವೆ. ಅದೇ ಬಗೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಮಸಾಲೆ ಹಚ್ಚಿದ ಜರ್ಕ್ ಚಿಕನ್ ಸುಡುವ ಒಲೆ. ನಾಟಿಂಗ್ ಹಿಲ್‌ನ ಮೂಲೆಮೂಲೆಯಲ್ಲಿ ಅದರ ಹೊಗೆ. 1845ರಿಂದ ಟ್ರಿನಿಡಾಡಿಗೆ ಕೂಲಿಗೆ ಹೋದ ಭಾರತೀಯರ ವಂಶಸ್ಥರು ಕಟ್ಟಿದ 'ಚಟ್ನಿ ಸೋಕಾ' ಸಂಗೀತವೂ ಈ ಕೆರಿಬಿಯನ್ ಪರಂಪರೆಯದೇ.

ಹಬ್ಬಕ್ಕೆ ಪೊಲೀಸರೊಂದಿಗೆ ಹಳೆಯ ತಿಕ್ಕಾಟವೂ ಇದೆ, ಅದು ಇನ್ನೂ ಮುಗಿದಿಲ್ಲ. 1976ರಲ್ಲಿ ಅದು ದೊಡ್ಡ ಗಲಭೆಯಾಗಿ ನೂರಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಈಗ ಸುಮಾರು 7,000 ಪೊಲೀಸರ ಕಾವಲು. ಬಡಾವಣೆಯೂ ಬದಲಾಗಿದೆ: ಕೊಳೆಗೇರಿಯ ಮನೆಗಳು ಇಂದು ಕೋಟಿಗಟ್ಟಲೆ ಬಾಳುತ್ತವೆ, ಹಬ್ಬದ ವಾರ ಅವುಗಳ ಕಿಟಕಿಗೆ ಪ್ಲೈವುಡ್ ಹೊದಿಕೆ. ಆದರೂ ಸಿರಿವಂತಿಕೆ ಎಲ್ಲರದೂ ಅಲ್ಲ. 2017ರ ಜೂನ್‌ನಲ್ಲಿ ಸಮೀಪದ ಸಾರ್ವಜನಿಕ ವಸತಿ ಗೋಪುರ ಗ್ರೆನ್‌ಫೆಲ್ ಟವರ್ ಬೆಂಕಿಗೆ 72 ಮಂದಿ ಬಲಿಯಾದರು. ಅವರ ನೆನಪಿಗೆ ಕಾರ್ನಿವಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ 72 ಸೆಕೆಂಡು ಸಂಗೀತ ನಿಲ್ಲುತ್ತದೆ.

2024ರ ಉತ್ಸವದ ವೇಳೆ ನಡೆದ ದಾಳಿಗಳಲ್ಲಿ ಇಬ್ಬರು ಸತ್ತಾಗ, ಕಾರ್ನಿವಲ್ಲನ್ನು ಹೈಡ್ ಪಾರ್ಕಿನಂಥ ಬಯಲಿಗೆ ಒಯ್ಯಬೇಕೆಂಬ ಹಳೆಯ ಕೂಗು ಮತ್ತೆ ಎದ್ದಿತು. ಉದ್ಯಾನಕ್ಕೆ ಬೇಲಿ ಹಾಕಿ ಜನರನ್ನು ಎಣಿಸಿ ಬಿಡಬಹುದು, ನಿಜ. ಆದರೆ ಏಟು ತಿಂದ ಬೀದಿಯಲ್ಲೇ ಕುಣಿಯುವುದು ಈ ಹಬ್ಬದ ಹುರುಳು. ಕೊನೆಗೆ 2025ರಲ್ಲಿ ಲಂಡನ್ ಮೇಯರ್ ಆಡಳಿತ ಮತ್ತು ಎರಡು ಸ್ಥಳೀಯ ಕೌನ್ಸಿಲ್‌ಗಳು ಸುರಕ್ಷತೆಗೆಂದು ಸುಮಾರು ಹತ್ತು ಲಕ್ಷ ಪೌಂಡ್ ಒದಗಿಸಿದವು. ಆ ವರ್ಷದ ಮೆರವಣಿಗೆಯೂ ಹಳೆಯ ಬೀದಿಗಳಲ್ಲೇ ಸಾಗಿತು.