ಮನೆಬಾಗಿಲಿಗೆ ಹಣ್ಣು ತರಕಾರಿ: ಬೆಳೆಗಾರರು ಅರಿಯತಕ್ಕ ವಿಷಯಗಳು

ಬೆಂಗಳೂರಿನಲ್ಲಿ ಗಿರಾಕಿಯು ಅಂಗಡಿಗೆ ಹೋಗುವುದಕ್ಕೆ ಬದಲಾಗಿ ಅಂಗಡಿಯ ಹಣ್ಣು ತರಕಾರಿಗಳೇ ಗಿರಾಕಿಯ ಮನೆಗೆ ಬರುವ ಪದ್ಧತಿಯು ಈಗ ಚೆನ್ನಾಗಿ ಬೇರೂರಿದೆ. ಇದು ತೀರ ಹೊಸತೇನೂ ಅಲ್ಲ. ಬುಟ್ಟಿ ಹೊತ್ತು ಬೀದಿಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸರು ಮಾಡುತ್ತ ಬಂದಿರುವುದೂ ಇದನ್ನೇ. ಆದರೆ ಸೊಪ್ಪಿನವಳ ಬುಟ್ಟಿಯಿಂದ ಗೃಹಿಣಿಯು ತಾನೇ ಕಟ್ಟನ್ನು ಆರಿಸಿಕೊಳ್ಳುವಳು. ಮೊಬೈಲಿನಲ್ಲಿ ಬೇಡಿಕೆ ಕಳುಹಿಸುವವರು ಪದಾರ್ಥವನ್ನು ನೋಡುವುದು ಅದು ಮನೆಗೆ ಬಂದ ಮೇಲೆಯೇ. ಆದಕಾರಣ ಆರಿಸುವ ಭಾರವು ಹಿಂದೆ ಸರಿದು ಹೊಲದ ಬದಿಗೇ ಬಂದಿದೆ.

1959ರಲ್ಲಿ ಡಾ. ಎಂ. ಹೆಚ್. ಮರೀಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಈಗ ಹಾಪ್‌ಕಾಮ್ಸ್ ಎಂದು ಹೆಸರಾಗಿರುವ ಸಂಸ್ಥೆಯ ವಾಹನಗಳು, 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಸಂಚಾರ ನಿಂತಾಗ ಬಡಾವಣೆಗಳಿಗೇ ಹೋಗಿ ಮಾರಿದವು. 2011ರಲ್ಲಿ ಇದೇ ನಗರದಲ್ಲಿ ಆರಂಭವಾದ ಬಿಗ್‌ಬಾಸ್ಕೆಟ್ ಮೊದಲಾದ ಖಾಸಗಿ ಸಂಸ್ಥೆಗಳಿಗೆ ಇದೇ ಮುಖ್ಯ ವ್ಯಾಪಾರವಾಗಿದ್ದು, ಅವು ಬೆಳೆಗಾರರಿಂದ ನೇರವಾಗಿ ಕೊಳ್ಳುವುದೂ ಉಂಟು.

ಇಂತಹ ಮಾರಾಟಕ್ಕೆ ಕೊಯ್ಲಿನ ಹದವೇ ಪ್ರಧಾನ. ಟೊಮ್ಯಾಟೊ ಕೊಯ್ದ ಮೇಲೂ ಹಣ್ಣಾಗುವುದರಿಂದ ತುದಿಯಲ್ಲಿ ಬಣ್ಣ ತಿರುಗುತ್ತಲೇ ಕೀಳಬಹುದು. ದ್ರಾಕ್ಷಿಯಾದರೋ ಬಳ್ಳಿಯಿಂದ ಬೇರೆಯಾದ ಬಳಿಕ ಸಿಹಿಯಾಗದು. ಹುಳಿಗೊಂಚಲನ್ನು ಕಳುಹಿಸುವುದು ವ್ಯರ್ಥ. ಮಾವನ್ನು ತುಸು ತೊಟ್ಟಿನೊಡನೆ ಕೊಯ್ದು, ನೆರಳಿನಲ್ಲಿ ತೊಟ್ಟು ಮುರಿದು, ಬೋರಲು ಇಟ್ಟು ಸೊನೆ ಇಳಿಸತಕ್ಕದ್ದು. ಸೊನೆ ಹರಿದ ಸಿಪ್ಪೆಯು ಕಪ್ಪಾಗುವುದು. ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಮಾಗಿದ ಬಾಳೆಹಣ್ಣಿನ ಜೊತೆಯಲ್ಲಿ ಸೊಪ್ಪನ್ನು ಇಡಲೇಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲದಿಂದ ಎಲೆಗಳು ಹಳದಿಯಾಗುತ್ತವೆ. ತೂಕ ಹೆಚ್ಚಲೆಂದು ಸೊಪ್ಪಿಗೆ ನೀರು ಸುರಿದು ಚೀಲದಲ್ಲಿ ಬಿಗಿಯುವವರುಂಟು. ಅದು ಸಂಜೆಯೊಳಗೆ ಕೊಳೆಯುವುದಲ್ಲದೆ ಊರಿನ ಹೆಸರನ್ನೂ ಕೆಡಿಸುವುದು.

ಇನ್ನು ಲೆಕ್ಕ. ಆಯ್ದ ಮಾಲಿಗೆ ಸಿಗುವ ದರವನ್ನು ಇಡೀ ಫಸಲಿನ ದರವೆಂದು ಭ್ರಮಿಸಬಾರದು. ನಿದರ್ಶನಕ್ಕೆ, ಮಂಡಿಯಲ್ಲಿ 100 ಕಿಲೋ ಟೊಮ್ಯಾಟೊ ಕಿಲೋಗೆ 20 ರೂಪಾಯಿಯಂತೆ ಮಾರಿದರೆ 2,000 ರೂಪಾಯಿ ಬರುವುದು. ಮನೆಗೆ ತಲಪಿಸುವ ಸಂಸ್ಥೆಯು 26 ರೂಪಾಯಿ ಕೊಟ್ಟು 70 ಕಿಲೋವನ್ನು ಮಾತ್ರ ಆರಿಸಿಕೊಂಡರೆ ಬರುವುದು 1,820 ರೂಪಾಯಿ. ಉಳಿದ 30 ಕಿಲೋಗೆ ಕಿಲೋ ಒಂದಕ್ಕೆ 6 ರೂಪಾಯಿಗಿಂತ ಹೆಚ್ಚು ದೊರೆತು, ಅದನ್ನು ಮಂಡಿಗೆ ಸಾಗಿಸುವ ಖರ್ಚೂ ಹುಟ್ಟಿದರೆ ಮಾತ್ರ ಲಾಭವುಂಟು. ಅರ್ಧ ಎಕರೆಯ ರೈತನಿಗೆ ಈ ಎರಡನೆಯ ಗಾಡಿಯ ಬಾಡಿಗೆಯೇ ಭಾರವಾದೀತು. ಗ್ರಾಮದ ಮುಖಂಡರು ಹತ್ತಾರು ಬೆಳೆಗಾರರನ್ನು ಕೂಡಿಸಿ, ಒಂದೇ ನೆರಳಿನಲ್ಲಿ ಮಾಲನ್ನು ವಿಂಗಡಿಸಿ, ಉಳಿದುದನ್ನು ಒಂದೇ ಗಾಡಿಯಲ್ಲಿ ಮಂಡಿಗೆ ಕಳುಹಿಸಿದಲ್ಲಿ ಈ ಬಾಡಿಗೆಯು ಹಂಚಿಹೋಗುವುದು.

ಗಿರಾಕಿಯು ಹಿಂದಿರುಗಿಸಿದ ಮಾಲಿನ ನಷ್ಟ ಯಾರದೆಂಬುದನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಪರೀಕ್ಷಿಸಿ, ತೂಗಿ, ರಸೀತಿ ಕೊಟ್ಟ ಬಳಿಕ ಆ ಹೊಣೆಯು ಕೊಂಡವರದೇ ಆಗಿರುವುದು ನ್ಯಾಯ. ರಸೀತಿಯಲ್ಲಿ ತೂಕ, ದರ್ಜೆ, ದರ, ಹಣ ಸಲ್ಲುವ ತಾರೀಖು ಈ ನಾಲ್ಕೂ ಇಲ್ಲದೆ ಮಾಲನ್ನು ಗಾಡಿಯಿಂದ ಇಳಿಸಕೂಡದು.