ಶಿಶುಗಳ ಕಲಹವೂ ಚಿತ್ರಪಾಠವೂ

ಯಕ್ಷಗಾನದ ಬಯಲಾಟವನ್ನು ಕಂಡುಬಂದ ಮಕ್ಕಳು ಮರುದಿನ ಅಂಗಳದಲ್ಲಿ ಯಾವ ವೇಷವನ್ನು ಕಟ್ಟುವರೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಸಾಧುವಾದ ಋಷಿಯಾಗಲು ಒಬ್ಬನೂ ಒಡಂಬಡನು. ಮಹಿಷಾಸುರನಾಗುವುದಕ್ಕೆ ಮಾತ್ರ ನಾಲ್ವರು ಕಾದಾಡುವರು. ದೇವಿಯು ಅವನನ್ನು ಕೊಂದಳೆಂಬುದು ಪ್ರಸಂಗದ ತಾತ್ಪರ್ಯವಾದರೂ, ಬಾಲಕರ ಕಣ್ಣಿನಲ್ಲಿ ನಿಂತುದು ಆ ಆರ್ಭಟವೇ. ಶಿಶುವಿಹಾರಗಳಲ್ಲಿಯೂ ಪ್ರಾಥಮಿಕ ಶಾಲೆಯ ಕೆಳತರಗತಿಗಳಲ್ಲಿಯೂ, ಮಕ್ಕಳು ತಮ್ಮ ಜಗಳವನ್ನು ತಾವೇ ಬಗೆಹರಿಸಿಕೊಳ್ಳುವ ರೀತಿಯನ್ನು ಪಾತ್ರಾಭಿನಯದ ಕಿರಿಯ ವಿಡಿಯೋ ಚಿತ್ರಗಳ ಮೂಲಕ ಕಲಿಸುವ ಪದ್ಧತಿಯೊಂದು ಈಗ ಉಂಟು. ಅದರ ಗುಣದೋಷಗಳನ್ನು ವಿಚಾರಿಸುವಾಗ ತಾಯ್ತಂದೆಗಳು ಈ ಮಹಿಷಾಸುರನನ್ನು ಮರೆಯಲಾಗದು.

ಏಕೆಂದರೆ, ಚಿತ್ರವನ್ನು ಕಂಡು ಶಿಶುವು ಕಲಿಯುವುದೆಂಬುದು ಎಷ್ಟು ನಿಜವೋ, ನಾವು ಕಲಿಸಬೇಕೆಂದಿದ್ದುದನ್ನೇ ಕಲಿಯುವುದೆಂಬುದು ಅಷ್ಟು ನಿಜವಲ್ಲ. ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹಾಯಕರೊಡನೆ 1961ರಲ್ಲಿ 72 ಮಂದಿ ಶಿಶುಗಳ ಮೇಲೆ ಒಂದು ಪರೀಕ್ಷೆಯನ್ನು ನಡೆಯಿಸಿದರು. ಗಾಳಿ ತುಂಬಿದ ದೊಡ್ಡ ಬೊಂಬೆಯೊಂದನ್ನು ಹಿರಿಯರೊಬ್ಬರು ಕೊಡತಿಯಿಂದ ಬಡಿದು, ಒದ್ದು, ಬೈಯುವುದನ್ನು ಕೆಲವು ಮಕ್ಕಳು ನೋಡಿದರು. ಬಳಿಕ ಅದೇ ಬೊಂಬೆಯೊಡನೆ ಬಿಟ್ಟಾಗ ಆ ಮಕ್ಕಳು ಅದೇ ಹೊಡೆತ, ಅದೇ ಬೈಗಳನ್ನು ತೋರಿಸಿದರು. 1963ರಲ್ಲಿ ಇದನ್ನೇ ಚಲಚ್ಚಿತ್ರದಲ್ಲಿ ತೋರಿಸಲಾಗಿ, ತೆರೆಯ ಮೇಲೆ ಕಂಡವರೂ ಎದುರಿನಲ್ಲಿ ಕಂಡವರಂತೆಯೇ ಅನುಕರಿಸಿದರು. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು 1965ರ ಪರೀಕ್ಷೆ. ಅದರಲ್ಲಿ, ಹೊಡೆದವನಿಗೆ ಕಡೆಯಲ್ಲಿ ಗದರಿಕೆಯೂ ಪೆಟ್ಟೂ ದೊರೆಯುವ ಚಿತ್ರವನ್ನು ಕಂಡ ಮಕ್ಕಳು ಕಡಮೆ ಅನುಕರಿಸಿದರೆಂಬುದು ದಿಟ. ಆದರೆ 'ನೀನು ಕಂಡುದನ್ನು ಮಾಡಿ ತೋರಿಸಿದರೆ ಬಹುಮಾನವುಂಟು' ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಎಲ್ಲವನ್ನೂ ಮಾಡಿ ತೋರಿಸಿದರು! ಕಡೆಯ ಶಿಕ್ಷೆಯು ಪಾಠವನ್ನು ಅಳಿಸಲಿಲ್ಲ, ಅಡಗಿಸಿತಷ್ಟೆ. ದುಷ್ಟಬಾಲಕನು ಮೂರು ನಿಮಿಷ ಮೆರೆದು ಕೊನೆಯ ಕ್ಷಣದಲ್ಲಿ ಬುದ್ಧಿ ಕಲಿಯುವ ನೀತಿಚಿತ್ರಗಳನ್ನು ಮಕ್ಕಳಿಗಾಗಿ ತಯಾರಿಸುವವರು ಇದನ್ನು ಸ್ವಲ್ಪ ಯೋಚಿಸತಕ್ಕದ್ದು.

ಇನ್ನೊಂದು ತೊಡಕೂ ಉಂಟು. ಮೂರು ಕಾಲಿನ ನಾಯಿಯೊಂದನ್ನು ಕಂಡು ಉಳಿದ ನಾಯಿಗಳು ಮೊದಲು ಅಂಜಿ, ಆಮೇಲೆ ಸ್ನೇಹ ಬೆಳೆಸುವ ಕಥೆಯೊಂದು ಅಮೆರಿಕಾದ ಮಕ್ಕಳ ಟೆಲಿವಿಷನ್ನಿನಲ್ಲಿ ಬಂದಿತ್ತು. ಅಂಗವಿಕಲರನ್ನು ದೂರಮಾಡಬಾರದೆಂಬುದು ಅದರ ಸಾರ. ಶಿಶುವಿಹಾರದ ಮಕ್ಕಳು ಅದನ್ನು ಹೇಗೆ ಗ್ರಹಿಸಿದರೆಂಬ ವಿಚಾರಣೆಯು 2008ರಲ್ಲಿ ಪ್ರಕಟವಾಯಿತು. ಹಲವರ ಪಾಲಿಗೆ ಅದು ನಾಯಿಗಳ ವಿಷಯದ ಪಾಠವೇ ಆಗಿತ್ತು. ಮನುಷ್ಯರ ಮಾತು ಅವರಿಗೆ ಹೊಳೆದಿರಲಿಲ್ಲ. ನರಿಯ ಕಥೆಯನ್ನು ಹೇಳಿ ನೀತಿಯನ್ನು ಕೊನೆಗೆ ಕಟ್ಟುವ ನಮ್ಮ ಹಳೆಯ ಮನೆಗಳಲ್ಲಿಯೂ ಹೀಗೆಯೇ ಆಗುತ್ತಿದ್ದಿರಬೇಕು. ಆದರೆ ಅಲ್ಲಿ ಅಜ್ಜಿಯೊಬ್ಬಳಿದ್ದಳು, ಮಗುವು ನಡುವೆ ಬಾಯಿಹಾಕಿ ಕೇಳಿದುದಕ್ಕೆ ಉತ್ತರ ಹೇಳುತ್ತಿದ್ದಳು. ತೆರೆಗೆ ಆ ಕಿವಿಯಿಲ್ಲ.

ಹಾಗಾದರೆ ಚಿತ್ರವೇ ಬೇಡವೋ ಎಂದರೆ, ನಾವು ಹಾಗೆನ್ನಲಾರೆವು. ಒಬ್ಬಂಟಿಯಾಗಿ ಮೂಲೆಯಲ್ಲಿ ಕೂಡುವ ಶಿಶುಗಳಿಗೆ, ಮಕ್ಕಳು ಒಬ್ಬರೊಡನೊಬ್ಬರು ಬೆರೆತು ಆಡುವ 23 ನಿಮಿಷಗಳ ಚಿತ್ರವನ್ನು ತೋರಿಸಿದುದರಿಂದ ಅವರು ಗುಂಪಿಗೆ ಸೇರಿಕೊಳ್ಳತೊಡಗಿದರೆಂದು ರಾಬರ್ಟ್ ಓಕಾನರ್ ಎಂಬವರು 1969ರಲ್ಲಿ ಬರೆದರು. ಆ ಚಿತ್ರದಲ್ಲಿ ಕಲಹವಿರಲಿಲ್ಲ. ಬೆರೆಯುವ ಬಗೆಯೇ ಮೊದಲಿನಿಂದ ಕಡೆಯವರೆಗೆ ತುಂಬಿತ್ತು. ಗುಟ್ಟು ಇಲ್ಲಿದೆಯೆಂದು ನಮಗೆ ತೋರುತ್ತದೆ.

ತರಗತಿಯಲ್ಲಿ ಇದನ್ನು ನಡೆಯಿಸುವ ಒಳ್ಳೆಯ ಕ್ರಮವನ್ನು ಇಲ್ಲಿ ವಿವರಿಸುವೆವು. ಮೂರು ಗಾಲಿಯ ಸೈಕಲ್ಲು ಒಂದೇ, ಬೇಕೆನ್ನುವವರು ಇಬ್ಬರು. ಇಬ್ಬರು ಮಕ್ಕಳು ಈ ಸನ್ನಿವೇಶವನ್ನು ಅಭಿನಯಿಸಲಿ. ಉಪಾಧ್ಯಾಯಿನಿಯು ತನ್ನ ಮೊಬೈಲಿನಲ್ಲಿ ಅದನ್ನು ಚಿತ್ರಿಸಲಿ. ಒಬ್ಬನು ಹಿಡಿಕೆಯನ್ನು ಹಿಡಿದೆಳೆದ ಕೂಡಲೇ ಅಭಿನಯ ನಿಲ್ಲತಕ್ಕದ್ದು. ಹೊಡೆದಾಟವನ್ನು ಚಿತ್ರಿಸುವ ಅಗತ್ಯವೇ ಇಲ್ಲ. ಒಂದು ನಿಮಿಷದ ಆ ಚಿತ್ರವನ್ನು ತರಗತಿಗೆ ತೋರಿಸಿ, "ಈಗ ಇವರು ಏನು ಮಾಡಬಹುದು?" ಎಂದು ಕೇಳಬೇಕು. "ಟೀಚರಿಗೆ ಹೇಳೋದು" ಎಂಬುದು ಸಾಮಾನ್ಯವಾಗಿ ಮೊದಲನೆಯ ಉತ್ತರ. "ಟೂ ಬಿಡೋದು" ಎಂಬುದು ಎರಡನೆಯದು. ನಗದೆ ಎರಡನ್ನೂ ಒಪ್ಪಿಕೊಂಡು, "ಮತ್ತೆ ಬೇರೆ?" ಎನ್ನಬೇಕು. ಸುತ್ತು ಲೆಕ್ಕಹಾಕಿ ಬಿಟ್ಟುಕೊಡುವುದು, ಒಬ್ಬನು ಹಿಂದೆ ನಿಂತು ನೂಕುವುದು, ಅಷ್ಟರಲ್ಲಿ ಬೇರೆ ಆಟವಾಡುವುದು, ಹೀಗೆ ಮಕ್ಕಳ ಬಾಯಿಂದಲೇ ಬಂದ ಉಪಾಯಗಳನ್ನು ಒಂದೊಂದಾಗಿ ಅಭಿನಯಿಸಿ ಚಿತ್ರಿಸಿದರೆ, ಜಗಳಕ್ಕೆ ಒಂದು ನಿಮಿಷವೂ ಸಂಧಾನಕ್ಕೆ ಐದು ನಿಮಿಷಗಳೂ ದೊರೆತಂತಾಯಿತು. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ ಎಳೆದವನನ್ನೇ ಎಳೆಯಿಸಿಕೊಂಡವನನ್ನಾಗಿ ನಿಲ್ಲಿಸುವುದು ಬಹಳ ಉಪಯುಕ್ತ. ತಮ್ಮ ಮುಖವನ್ನು ತೆರೆಯಲ್ಲಿ ಕಾಣುವ ಆಸೆಗೆ ಮಕ್ಕಳು ಎಷ್ಟು ಸಲ ಬೇಕಾದರೂ ಅಭಿನಯಿಸುವರು. ಈ ಪುನರಾವೃತ್ತಿಯೇ ವಿಡಿಯೋದಿಂದಾಗುವ ನಿಜವಾದ ಲಾಭವೆಂದು ನಮ್ಮ ಅಭಿಪ್ರಾಯ.

ಮಾತಿಲ್ಲದೆ ಸಂಧಾನವಿಲ್ಲ. 1970ರ ದಶಕದಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಮಿರ್ನಾ ಶೂರ್ ಮತ್ತು ಜಾರ್ಜ್ ಸ್ಪಿವ್ಯಾಕ್ ಎಂಬ ವಿದ್ವಾಂಸರು ನಾಲ್ಕು ವರ್ಷದ ಶಿಶುಗಳಿಗೆ ಈ ವಿದ್ಯೆಯನ್ನು ಕಲಿಸಹೊರಟಾಗ, ಮೊದಲು ಕಲಿಸಿದುದು 'ಅಥವಾ', 'ಅಲ್ಲ', 'ಮೊದಲು', 'ಆಮೇಲೆ' ಎಂಬಂಥ ಸಣ್ಣ ಪದಗಳನ್ನೇ. 'ನಾನು ಹೊಡೆಯಬಹುದು, ಅಥವಾ ಕೇಳಬಹುದು' ಎಂದು ಯೋಚಿಸಬೇಕಾದರೆ 'ಅಥವಾ' ಎಂಬ ಮಾತು ನಾಲಗೆಯ ಮೇಲಿರಬೇಕಷ್ಟೆ. 'ಅವನು ಹೊಡೆಯುವುದಕ್ಕೆ ಮೊದಲು ಏನಾಯಿತು?' ಎಂಬ ಪ್ರಶ್ನೆ ಅರ್ಥವಾಗದ ಮಗುವಿನಿಂದ ಸಾಕ್ಷ್ಯ ಕೇಳಿ ನಾವು ರೇಗಿದರೆ ಫಲವೇನು? ಈ ಪಾಠವನ್ನು ಅನ್ನ ಕಲಸುವಾಗಲೇ ಮಾಡಬಹುದು: "ಮೊದಲು ಸಾರೋ, ಆಮೇಲೆ ಮಜ್ಜಿಗೆಯೋ?"

ನಿಜವಾದ ಜಗಳ ಬಂದಾಗ ದೊಡ್ಡವರು ನಡೆಯತಕ್ಕ ರೀತಿಯನ್ನು, ಮಿಷಿಗನ್ ಪ್ರಾಂತದಲ್ಲಿ ಡೇವಿಡ್ ವೈಕಾರ್ಟರು 1970ರಲ್ಲಿ ಸ್ಥಾಪಿಸಿದ ಹೈಸ್ಕೋಪ್ ಸಂಸ್ಥೆಯವರು ಚೆನ್ನಾಗಿ ರೂಪಿಸಿರುವರು. ಶಾಂತವಾಗಿ ಬಳಿಗೆ ಹೋಗಿ, ಮಕ್ಕಳೆತ್ತರಕ್ಕೆ ಕುಳಿತು, ಜಗಳದ ವಸ್ತುವನ್ನು ತಮ್ಮ ಕೈಯಲ್ಲಿಟ್ಟುಕೊಂಡು, 'ನಿನಗೆ ಸಿಟ್ಟು ಬಂದಿದೆ' ಎಂದು ಮೊದಲು ಮನಸ್ಸನ್ನು ಗುರುತಿಸಿ, ಇಬ್ಬರ ಮಾತನ್ನೂ ಕೇಳಿ, ಕೇಳಿದುದನ್ನು ತಿರುಗಿ ಹೇಳಿ, ಉಪಾಯವನ್ನು ಅವರಿಂದಲೇ ಪಡೆಯುವುದು. ತೀರ್ಪು ಕೊಡುವುದಲ್ಲ. 'ಅವನು ಚಿಕ್ಕವನು, ಕೊಟ್ಟುಬಿಡು' ಎಂಬ ನಮ್ಮ ಮನೆಗಳ ಹಳೆಯ ತೀರ್ಪಿನಿಂದ ಎಷ್ಟು ಅಕ್ಕಂದಿರ ಮನಸ್ಸು ಕಹಿಯಾಗಿದೆಯೋ ಬಲ್ಲವರಾರು! ತರಗತಿಯ ಚಿತ್ರದಲ್ಲಿ ಕಂಡುದೊಂದು, ಮನೆಯ ಹಜಾರದಲ್ಲಿ ಕಂಡುದಿನ್ನೊಂದು ಆದರೆ, ಶಿಶುವು ಅನುಸರಿಸುವುದು ಹಜಾರವನ್ನೇ.

ಒಂದು ವಿಷಯದಲ್ಲಿ ಮಾತ್ರ ನಾವು ಕಟುವಾಗಿ ಬರೆಯಬೇಕಾಗಿದೆ. ಸಮಬಲರಿಬ್ಬರ ಜಗಳ ಬೇರೆ. ಬಲಿಷ್ಠನೊಬ್ಬನು ದುರ್ಬಲನೊಬ್ಬನನ್ನು ದಿನದಿನವೂ ಪೀಡಿಸುವುದು ಬೇರೆ. ಎರಡನೆಯದಕ್ಕೆ ಸಂಧಾನದ ಅಭಿನಯವು ಔಷಧವಲ್ಲ. ಪೀಡಿತನಾದ ಮಗುವನ್ನು ಪೀಡಿಸಿದವನ ಎದುರಿಗೆ ನಿಲ್ಲಿಸಿ, ನಡೆದುದನ್ನೇ ಅಭಿನಯಿಸಿರೆಂದು ಕ್ಯಾಮರಾ ಹಿಡಿಯುವುದು ಕ್ರೌರ್ಯ. ಅಲ್ಲಿ ಬೇಕಾದುದು ಹಿರಿಯರ ರಕ್ಷಣೆ. ಅಂತೆಯೇ ತರಗತಿಯಲ್ಲಿ ನಿಜವಾಗಿ ನಡೆದ ಜಗಳವನ್ನೂ, ನಿಜವಾದ ಹೆಸರುಗಳನ್ನೂ ಚಿತ್ರಕ್ಕೆ ತರಬಾರದು. ಕೈಗೊಂಬೆಗಳಿಗೆ ಆ ಪಾತ್ರವನ್ನು ವಹಿಸಿದರೆ ಯಾರ ಮುಖವೂ ಬಾಡದು.

ಎರಡರಿಂದ ನಾಲ್ಕು ವರ್ಷದ ಶಿಶುಗಳಿಗೆ ತೆರೆಯ ಮುಂದಿನ ಕಾಲವು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿರುವುದರಿಂದ, ಶಾಲೆಯ ಈ ನಿಮಿಷಗಳನ್ನೂ ಮನೆಯವರು ಲೆಕ್ಕದಲ್ಲಿಡಬೇಕು. ಮಕ್ಕಳ ಚಿತ್ರಗಳು ಶಾಲೆಯ ಉಪಕರಣದಲ್ಲಿಯೇ ಉಳಿದು, ವರ್ಷಾಂತ್ಯದಲ್ಲಿ ಅಳಿಸಲ್ಪಡುವುವೋ, ಇಲ್ಲವೆ ಪಾಲಕರ ಮೊಬೈಲಿನ ಗುಂಪುಗಳಲ್ಲಿ ಊರೂರು ಸಂಚರಿಸುವುವೋ ಎಂಬುದನ್ನು ಉಪಾಧ್ಯಾಯಿನಿಯರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಐದು ವರ್ಷದ ಬಾಲಕನು ನಟನೆಗೆಂದು ಕೆರಳಿದ ಮುಖವನ್ನು, ಅವನ ಹದಿನೈದನೆಯ ವಯಸ್ಸಿನಲ್ಲಿ ಯಾರೋ ತೆಗೆದು ತೋರಿಸಿ ನಗುವಂತಾಗಬಾರದು.