ಒಂದೇ ದಿನದ ಎರಡು ಪಾಠಗಳು

1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕೆಲವು ಕಪ್ಪು ಸಂಗೀತಗಾರರು ಜಾಝ್ ಸಂಗೀತ ಅದುವರೆಗೆ ನೆಚ್ಚಿಕೊಂಡಿದ್ದ ಎರಡು ಕಟ್ಟುಗಳನ್ನು ಸಡಿಲಿಸಿದರು. ಒಂದು, ಹಲವು ಸ್ವರಗಳು ಒಟ್ಟಿಗೆ ಕೂಡಿ ಮೊದಲೇ ಗೊತ್ತಾದ ಕ್ರಮದಲ್ಲಿ ಮರಳಿ ಮರಳಿ ಬರುವ, ಕಾರ್ಡ್ ಎಂದು ಕರೆಯುವ ಸ್ವರಮೇಳಗಳ ಚೌಕಟ್ಟು. ಇನ್ನೊಂದು, ಡ್ರಮ್ ಮತ್ತು ಡಬಲ್ ಬಾಸ್ ವಾದಕರು ಎಡೆಬಿಡದೆ ಹಿಡಿದು ನಡೆಸುವ ಸಮಗತಿಯ ಲಯ. ಇವೆರಡೂ ಸಡಿಲಗೊಂಡ ಮೇಲೆ ಉಳಿದದ್ದು, ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಬಹುಮಟ್ಟಿಗೆ ಮನೋಧರ್ಮವೇ. ಆದರೆ ಆ ಮನೋಧರ್ಮಕ್ಕೆ ರಾಗಲಕ್ಷಣವಾಗಲಿ ತಾಳದ ಆವರ್ತವಾಗಲಿ ಗಡಿ ಹಾಕುವುದಿಲ್ಲ, ಮತ್ತು ಹಲವು ವಾದಕರು ಏಕಕಾಲಕ್ಕೆ ಅದರಲ್ಲಿ ತೊಡಗಿರುತ್ತಾರೆ. 1959ರ ನವೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಕ್ಲಬ್ಬಿನಲ್ಲಿ ತಮ್ಮ ತಂಡದೊಂದಿಗೆ ನುಡಿಸಲಾರಂಭಿಸಿದಾಗ ಕೇಳುಗರು ಎರಡು ಪಾಳೆಯಗಳಾಗಿ ಒಡೆದರು. ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರಂಥ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರು ಮೆಚ್ಚುವವರ ಕಡೆ ಇದ್ದರೆ, ಜಾಝ್ ಲೋಕದ ಹಿರಿಯರಲ್ಲೇ ಅನೇಕರು ಅದನ್ನು ಸಂಗೀತವೆಂದು ಒಪ್ಪಲು ಸಿದ್ಧರಿರಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಕೋಲ್ಮನ್ ಎಂಟು ವಾದಕರನ್ನು ನಾಲ್ವರಂತೆ ಎರಡು ತಂಡಗಳಾಗಿ ಕೂರಿಸಿ, ಸ್ಟೀರಿಯೊದ ಎಡಗಡೆ ಒಂದು ತಂಡ, ಬಲಗಡೆ ಇನ್ನೊಂದು ತಂಡ ಕೇಳುವಂತೆ ಮುದ್ರಿಸಿದ ‘ಫ್ರೀ ಜಾಝ್’ ಎಂಬ ಧ್ವನಿಮುದ್ರಿಕೆಯ ಹೆಸರೇ ಮುಂದೆ ಈ ಇಡೀ ಪ್ರವಾಹಕ್ಕೆ ನಿಂತಿತು.

ಇಂಥ ಸಂಗೀತವನ್ನು ಧ್ವನಿಮುದ್ರಿಕೆಯಾಗಿ ಕೂಡಿಡುವುದರಲ್ಲೇ ಒಂದು ವಿರೋಧಾಭಾಸವಿದೆ. ಆ ಗಳಿಗೆಗೆ ಹುಟ್ಟಿ ಆ ಗಳಿಗೆಗೇ ಮುಗಿಯುವುದು ಈ ಸಂಗೀತದ ಸ್ವಭಾವವಾದರೆ, ಎಷ್ಟು ಸಲ ಹಾಕಿದರೂ ಬದಲಾಗದಿರುವುದು ಎಲ್‌ಪಿ ತಟ್ಟೆಯ ಸ್ವಭಾವ. ಸಾಲದ್ದಕ್ಕೆ ಆ ತಟ್ಟೆಯ ಒಂದು ಬದಿ ಹಿಡಿಸುವುದು ಸುಮಾರು ಇಪ್ಪತ್ತು ಇಪ್ಪತ್ತೈದು ನಿಮಿಷದ ಸಂಗೀತವನ್ನು ಮಾತ್ರ. ಆದ್ದರಿಂದ 37 ನಿಮಿಷ ಒಂದೇ ಉಸಿರಿನಲ್ಲಿ ಸಾಗುವ ‘ಫ್ರೀ ಜಾಝ್’ ನಡುವೆ ತುಂಡಾಯಿತು, ಕೇಳುಗ ಎದ್ದು ತಟ್ಟೆಯನ್ನು ಮಗುಚಬೇಕಾಯಿತು. ಬ್ರಿಟನ್ನಿನ ಗಿಟಾರ್ ವಾದಕ ಡೆರೆಕ್ ಬೇಯ್ಲಿ ಅವರಿಗೆ ಧ್ವನಿಮುದ್ರಣದ ಬಗ್ಗೆ ಕೊನೆಯವರೆಗೂ ಅನುಮಾನವಿತ್ತು. ಆದರೂ 1970ರಲ್ಲಿ ಇವಾನ್ ಪಾರ್ಕರ್ ಮತ್ತು ಟೋನಿ ಆಕ್ಸ್‌ಲಿ ಅವರೊಂದಿಗೆ ಸೇರಿ ಇಂಕಸ್ ಎಂಬ ಧ್ವನಿಮುದ್ರಿಕಾ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ಇಂಥ ತಟ್ಟೆಗಳನ್ನು ಕೂಡಿಡುವ ಸಂಗ್ರಾಹಕರ ಚರ್ಚೆಗಳು ಹುಟ್ಟುವುದು ಬಹುಮಟ್ಟಿಗೆ ಈ ವಿರೋಧಾಭಾಸದಿಂದಲೇ, ಮತ್ತು ಅದಕ್ಕೆ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಅಸೆನ್ಶನ್’ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1965ರ ಜೂನ್ 28ರಂದು ಹನ್ನೊಂದು ಮಂದಿ ವಾದಕರು ಆ ಕೃತಿಯನ್ನು ಎರಡು ಸಲ ನುಡಿಸಿದರು. ಇಂಪಲ್ಸ್ ಕಂಪನಿ ಮೊದಲು ಒಂದನ್ನು ಹೊರತಂದಿತು; ಆಮೇಲೆ ಕೋಲ್ಟ್ರೇನ್ ಇನ್ನೊಂದೇ ಮೇಲೆಂದು ತೀರ್ಮಾನಿಸಿದ್ದರಿಂದ, ಹೊದಿಕೆಯನ್ನೂ ಕ್ರಮಸಂಖ್ಯೆಯನ್ನೂ ಹಾಗೆಯೇ ಇಟ್ಟು ಒಳಗಿನ ಸಂಗೀತವನ್ನು ಮಾತ್ರ ಬದಲಾಯಿಸಲಾಯಿತು. ಎರಡರಲ್ಲಿ ಏಕವ್ಯಕ್ತಿ ವಾದನಗಳ ಸರದಿ ಬೇರೆ, ಮೊದಲು ಹೊರಬಂದದ್ದರಲ್ಲಿರುವ ಎಲ್ವಿನ್ ಜೋನ್ಸ್ ಅವರ ಡ್ರಮ್ ತನಿ ಆಮೇಲೆ ಬಂದದ್ದರಲ್ಲಿಲ್ಲ. ಅಂಗಡಿಯಲ್ಲಿ ತಟ್ಟೆಯನ್ನು ಕೈಗೆತ್ತಿಕೊಂಡವನಿಗೆ ಇವೆರಡನ್ನು ಬೇರ್ಪಡಿಸಿ ತೋರಿಸುವ ಗುರುತೆಂದರೆ, ಹಾಡಿನ ಗೆರೆಗಳು ಮುಗಿದು ನಡುವಣ ಕಾಗದದ ಚೀಟಿ ಶುರುವಾಗುವ ಮೊದಲು ಉಳಿಯುವ ನುಣುಪಾದ ಬಳೆಯಂಥ ಜಾಗದಲ್ಲಿ ಕೊರೆದ ‘ಎಡಿಷನ್ 2’ ಎಂಬ ಸಣ್ಣ ಬರಹ. ಒಂದೇ ‘ಅಸೆನ್ಶನ್’ ಬಗ್ಗೆ ಬರೆದ ಇಬ್ಬರು ವಿಮರ್ಶಕರು ಬೇರೆ ಬೇರೆ ಸಂಗೀತವನ್ನು ಕೇಳಿ ಬರೆದಿರುವ ಸಾಧ್ಯತೆ ಇದ್ದಾಗ, ಈ ಜಾಗವನ್ನು ದೀಪದ ಬೆಳಕಿಗೆ ಹಿಡಿದು ಓದುವವನ ಕೆಲಸವನ್ನು ಬರಿಯ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ತಾಳೆಗರಿ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠಾಂತರ ಗುರುತಿಸುವ ಗ್ರಂಥಸಂಪಾದಕನ ಕೆಲಸಕ್ಕೆ ಅದು ತೀರ ಹತ್ತಿರದ್ದು.

ಇಂಪಲ್ಸ್, ಅಟ್ಲಾಂಟಿಕ್‌ಗಳಂಥ ದೊಡ್ಡ ಕಂಪನಿಗಳು ಈ ಸಂಗೀತಕ್ಕೆ ತೆರೆದ ಬಾಗಿಲು ಕಿರಿದಾಗಿತ್ತು. ಹೀಗಾಗಿ ಅದರ ಇತಿಹಾಸದ ದೊಡ್ಡ ಪಾಲು ಸಣ್ಣ ಸಂಸ್ಥೆಗಳ, ಎಷ್ಟೋ ಸಲ ಸಂಗೀತಗಾರರೇ ಕೈಯಾರೆ ಹೊರತಂದ ತಟ್ಟೆಗಳಲ್ಲಿ ಚದುರಿಹೋಗಿದೆ. ಸ್ಯಾಕ್ಸೊಫೋನ್ ವಾದಕ ಆಲ್ಬರ್ಟ್ ಐಲರ್ ಅವರ ‘ಸ್ಪಿರಿಚುಯಲ್ ಯೂನಿಟಿ’ಯನ್ನು ಪ್ರಕಟಿಸಿದ ಇಎಸ್‌ಪಿ-ಡಿಸ್ಕ್ ಸಂಸ್ಥೆಯನ್ನು ಆರಂಭಿಸಿದವರು ಬರ್ನಾರ್ಡ್ ಸ್ಟಾಲ್ಮನ್ ಎಂಬ ವಕೀಲರು. ಡ್ರಮ್ ವಾದಕ ಮಿಲ್ಫರ್ಡ್ ಗ್ರೇವ್ಸ್ ಮತ್ತು ಪಿಯಾನೊ ವಾದಕ ಡಾನ್ ಪುಲನ್ 1966ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನೀಡಿದ ಕಛೇರಿಯನ್ನು ತಾವೇ ಪ್ರಕಟಿಸಿ ಕೆಲವು ಹೊದಿಕೆಗಳಿಗೆ ಕೈಯಿಂದಲೇ ಬಣ್ಣ ಬಳಿದರು. ಜರ್ಮನಿಯ ಸ್ಯಾಕ್ಸೊಫೋನ್ ವಾದಕ ಪೀಟರ್ ಬ್ರೋಟ್ಸ್‌ಮನ್ 1968ರಲ್ಲಿ ಎಂಟು ಜನರ ತಂಡದೊಂದಿಗೆ ಮುದ್ರಿಸಿದ ‘ಮಷೀನ್ ಗನ್’, ಯುರೋಪಿನ ಈ ಬಗೆಯ ಸಂಗೀತದಲ್ಲೇ ಅತ್ಯಂತ ಪ್ರಸಿದ್ಧವಾದ ಆ ಕೃತಿ, ಮೊದಲು ಹೊರಬಂದದ್ದು 300 ಪ್ರತಿಗಳಲ್ಲಿ.

ಎಲ್ಲಕ್ಕಿಂತ ಸಿಕ್ಕುಸಿಕ್ಕಾದದ್ದು ಸನ್ ರಾ ಅವರ ಪ್ರಕರಣ. ತಾನು ಶನಿಗ್ರಹದಿಂದ ಬಂದವನೆಂದು ಹೇಳಿಕೊಳ್ಳುತ್ತಿದ್ದ ಈ ಪಿಯಾನೊ ವಾದಕ ಮತ್ತು ವಾದ್ಯವೃಂದದ ನಾಯಕ, ಷಿಕಾಗೊದ ಆಲ್ಟನ್ ಏಬ್ರಹಾಂ ಅವರ ಜೊತೆಗೂಡಿ ಸ್ಯಾಟರ್ನ್ ಎಂಬ ಹೆಸರಿನಲ್ಲಿ ದಶಕಗಳ ಕಾಲ ಸಣ್ಣ ಸಣ್ಣ ಕಂತುಗಳಲ್ಲಿ ತಟ್ಟೆಗಳನ್ನು ಒತ್ತಿಸಿ ಕಛೇರಿಗಳಲ್ಲೂ ಅಂಚೆಯ ಮೂಲಕವೂ ಮಾರುತ್ತಿದ್ದರು. ಹೊದಿಕೆಗಳ ಮೇಲೆ ತಂಡದವರೇ ಚಿತ್ರ ಬರೆಯುತ್ತಿದ್ದರು. ಚೀಟಿಯ ಮೇಲಿನ ಹೆಸರೇ ಒಂದು, ಒಳಗಿನ ಸಂಗೀತವೇ ಇನ್ನೊಂದು ಆಗಿರುವುದೂ, ವರ್ಷಗಳ ಹಿಂದಿನ ಮುದ್ರಣ ಹೊಸದೆಂಬಂತೆ ಬರುವುದೂ ಅಪರೂಪವಾಗಿರಲಿಲ್ಲ. ಯಾವ ತಟ್ಟೆಯಲ್ಲಿ ಯಾರು, ಎಂದು, ಎಲ್ಲಿ ನುಡಿಸಿದರು ಎಂಬುದನ್ನು ವಿಂಗಡಿಸಿ ರಾಬರ್ಟ್ ಕ್ಯಾಂಪ್‌ಬೆಲ್ 1994ರಲ್ಲಿ ಪ್ರಕಟಿಸಿದ ಸೂಚಿ ಈ ಕ್ಷೇತ್ರದ ಆಕರಗ್ರಂಥವಾಗಿದೆ. ಸಂಗ್ರಾಹಕರ ಬಳಿಯಿದ್ದ ತಟ್ಟೆಗಳಿಲ್ಲದೆ ಅದನ್ನು ಸಿದ್ಧಪಡಿಸುವುದು ಸಾಧ್ಯವಾಗುತ್ತಿರಲಿಲ್ಲ. ಏಬ್ರಹಾಂ ಅವರ ಕಾಗದಪತ್ರಗಳು ಇಂದು ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ನೇರ ಕಛೇರಿಗಳ ಸಂಗತಿ ಬೇರೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳು ಕೈಬಿಟ್ಟ ಸಂಗೀತಗಾರರು ಹಳೆಯ ಕೈಗಾರಿಕಾ ಕಟ್ಟಡಗಳ ಮಹಡಿಗಳಲ್ಲಿ, ಲಾಫ್ಟ್ ಎಂದು ಕರೆಯುವ ವಿಶಾಲ ಕೋಣೆಗಳಲ್ಲಿ, ತಾವೇ ಕಛೇರಿ ಏರ್ಪಡಿಸತೊಡಗಿದರು. ಸ್ಯಾಕ್ಸೊಫೋನ್ ವಾದಕ ಸ್ಯಾಮ್ ರಿವರ್ಸ್ ಮತ್ತು ಅವರ ಪತ್ನಿ ಬಿಯಾಟ್ರಿಸ್ ನಡೆಸುತ್ತಿದ್ದ ಸ್ಟುಡಿಯೊ ರಿವ್‌ಬಿಯಲ್ಲಿ 1976ರ ಮೇ ತಿಂಗಳಲ್ಲಿ ಮುದ್ರಿಸಿದ ವಾದನಗಳು ‘ವೈಲ್ಡ್‌ಫ್ಲವರ್ಸ್’ ಎಂಬ ಐದು ಎಲ್‌ಪಿಗಳಾಗಿ ಬಂದದ್ದರಿಂದ ಆ ಕಾಲದ ಒಂದು ತುಣುಕು ಉಳಿದಿದೆ. ಮಿಕ್ಕಂತೆ ಉಳಿದದ್ದು ಬಹುಮಟ್ಟಿಗೆ ಖಾಸಗಿ ಟೇಪುಗಳಲ್ಲಿ. ಕೋಲ್ಟ್ರೇನ್ 1965ರ ಅಕ್ಟೋಬರಿನಲ್ಲಿ ಸಿಯಾಟಲ್ ನಗರದಲ್ಲಿ ‘ಎ ಲವ್ ಸುಪ್ರೀಮ್’ ಕೃತಿಯನ್ನು ಇಡಿಯಾಗಿ ನುಡಿಸಿದ್ದನ್ನು ಸಂಗೀತಗಾರ ಜೋ ಬ್ರೆಜಿಲ್ ಮುದ್ರಿಸಿಟ್ಟುಕೊಂಡಿದ್ದರು. ಅದು ಲೋಕದ ಕಿವಿಗೆ ಬಿದ್ದದ್ದು 2021ರಲ್ಲಿ. ಅನುಮತಿಯಿಲ್ಲದ ಟೇಪುಗಳ ವಿನಿಮಯ ಕಾನೂನಿನ ಕಣ್ಣಿನಲ್ಲಿ ತಪ್ಪು, ವಾದಕರ ಜೇಬಿಗೂ ಅದರಿಂದ ಏನೂ ಬರುವುದಿಲ್ಲ. ಆದರೂ ಗೀಳು ಹಿಡಿದ ಕೇಳುಗರು ರೆಕಾರ್ಡರ್ ಹೊತ್ತು ತಿರುಗದೆ ಇದ್ದಿದ್ದರೆ ಎಷ್ಟೋ ಕಛೇರಿಗಳು ನಡೆದದ್ದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಬೆಲೆಯ ವಿಷಯದಲ್ಲಿ ಮಾತ್ರ ಸಂಗ್ರಾಹಕರನ್ನು ಸಮರ್ಥಿಸಿಕೊಳ್ಳುವುದು ಕಷ್ಟ. 1995ರಲ್ಲಿ ರಾಕ್ ಸಂಗೀತಗಾರ ಥರ್ಸ್ಟನ್ ಮೂರ್ ‘ಗ್ರ್ಯಾಂಡ್ ರಾಯಲ್’ ಎಂಬ ಪತ್ರಿಕೆಯಲ್ಲಿ ದುರ್ಲಭ ಫ್ರೀ ಜಾಝ್ ತಟ್ಟೆಗಳ ಪಟ್ಟಿಯೊಂದನ್ನು ಪ್ರಕಟಿಸಿದ ಬಳಿಕ ಅಂಥವುಗಳಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಒಮ್ಮೆ ಮಾರಾಟವಾದ ತಟ್ಟೆ ಎಷ್ಟು ಕೈ ಬದಲಿಸಿ ಎಷ್ಟು ದುಬಾರಿಯಾದರೂ ಅದನ್ನು ನುಡಿಸಿದವರಿಗೆ ಒಂದು ಕಾಸೂ ಸೇರುವುದಿಲ್ಲ. ಯೇಲ್ ಕಛೇರಿಯ ಧ್ವನಿಮುದ್ರಿಕೆಗಳು 2020ರಲ್ಲಿ ಮರುಮುದ್ರಣಗೊಂಡಂತೆ ಆಗಾಗ ಹಳೆಯವು ಮತ್ತೆ ಬರುವುದರಿಂದ ಸಾಮಾನ್ಯ ಕೇಳುಗನಿಗೆ ಸಂಗೀತವಂತೂ ದಕ್ಕುತ್ತಿದೆ.

ಈ ಲೋಕದ ಅಂಚಿನಲ್ಲಿ ಕನ್ನಡ ನಾಡಿನ ಹೆಸರೂ ಇದೆ. ದಕ್ಷಿಣ ಕನ್ನಡದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂದಿತು. ಅದಕ್ಕೂ ಕಾಲು ಶತಮಾನ ಮೊದಲು, 1983ರಲ್ಲಿ, ಭಾರತದಲ್ಲಿ ನಾಗಸ್ವರವನ್ನೂ ಕಲಿತಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರು ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ‘ಜ್ಯೋತಿ’ಯನ್ನು ಮುದ್ರಿಸಿದರು. ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದ ಈ ತಟ್ಟೆ ಕಟ್ಟುನಿಟ್ಟಾದ ಅರ್ಥದಲ್ಲಿ ಫ್ರೀ ಜಾಝ್ ಅಲ್ಲ, ಅದರ ನಡೆಯೆಲ್ಲ ತಾಳದ ಲೆಕ್ಕಾಚಾರವನ್ನೇ ಹಿಡಿದು ಸಾಗುತ್ತದೆ. ಅಂಗಡಿಗಳಲ್ಲೂ ಸಂಗ್ರಹಗಳಲ್ಲೂ ಅದು ಸಾಮಾನ್ಯವಾಗಿ ಸಿಗುವುದು ಮರಿಯಾನೊ ಅವರ ಹೆಸರಿನ ಸಾಲಿನಲ್ಲಿ. ಆದರೆ ಅದರ ಜೀವಾಳವಾಗಿರುವುದು ಗಾಯಕಿ ಆರ್.ಎ. ರಮಾಮಣಿ ಅವರ ಕಂಠ, ಆದ್ದರಿಂದ ಅದನ್ನು ಅವರ ಹೆಸರಿನಡಿ ಜೋಡಿಸಿಡುವ ಸಂಗ್ರಾಹಕನ ಕಡೆಗೇ ನ್ಯಾಯ ಹೆಚ್ಚಿದೆ.